ರಟ್ಟೆ ಹಿಡಿದ ಇಪ್ಪತ್ತು ತಿಂಗಳು

ಬೇಸಾಯದ ಪತ್ರಿಕೆಯಲ್ಲಿ ಭುಜದ ನೋವಿನ ಮಾತು ಯಾಕೆ ಅಂತ ಕೆಲವರಿಗೆ ಅನ್ನಿಸಬಹುದು. ಎತ್ತಿಗೆ ಹೆಗಲು ಬಾವು ಬಂದರೆ ಏನು ಮಾಡಬೇಕು ಅಂತ ನಾವು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತೇವೆ, ಬರೆಯುತ್ತೇವೆ. ಎತ್ತು ಹೂಡುವವನ ಹೆಗಲು ಕೆಟ್ಟರೆ ಏನು ಅಂತ ಬರೆದದ್ದನ್ನು ನಾನು ನೋಡಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನನಗೆ ಈಗ 57. ಓದಿದ್ದು ಏಳನೇ ಕ್ಲಾಸು. ಹಿರಿಯೂರು ತಾಲ್ಲೂಕಿನಲ್ಲಿ ಆರು ಎಕರೆ ಖುಷ್ಕಿ ಜಮೀನು. ಮಾರಿಕಣಿವೆಯ ನೀರು ನಮ್ಮ ಕಡೆಗೆ ಹರಿಯುವುದಿಲ್ಲ, ಮೇಲಿನ ಮಳೆಯೇ ಗತಿ. ಶೇಂಗಾ, ರಾಗಿ, ಅಕ್ಕಡಿಗೆ ತೊಗರಿ, ಅಲಸಂದೆ. ನಾನು ಡಾಕ್ಟರಲ್ಲ. ಡಾಕ್ಟರು ಹೇಳಿದ್ದರಲ್ಲಿ ನನಗೆ ತಿಳಿದಷ್ಟು, ಮತ್ತು ನಾನು ಅನುಭವಿಸಿದ್ದು, ಇಷ್ಟೇ ಇಲ್ಲಿರೋದು.

ಹುಣಸೆ ಬಡಿದ ನೋವು ಅಂದುಕೊಂಡೆ

2022ರ ಫೆಬ್ರವರಿಯಲ್ಲಿ ಬದುವಿನ ಮೇಲಿನ ಎರಡು ಹುಣಸೆ ಮರ ಬಡಿದೆವು. ಉದ್ದ ಗಳ ಹಿಡಿದು ಎರಡು ದಿನ ಮೇಲಕ್ಕೆ ನೋಡಿಕೊಂಡು ಬಡಿದೆ. ಅದಾಗಿ ಒಂದು ವಾರಕ್ಕೆ ಬಲಭುಜದಲ್ಲಿ ನೋವು ಶುರುವಾಯಿತು. ಬಡಿದ ನೋವು, ನಾಲ್ಕು ದಿನಕ್ಕೆ ಹೋಗುತ್ತೆ ಅಂತ ಸುಮ್ಮನಿದ್ದೆ. ಹೋಗಲಿಲ್ಲ. ಹಗಲು ಕೆಲಸದ ಮೇಲೆ ಅಷ್ಟು ಗೊತ್ತಾಗುತ್ತಿರಲಿಲ್ಲ, ರಾತ್ರಿ ಮಲಗಿದರೆ ಶುರು. ಬಲಮಗ್ಗುಲಿಗೆ ಹೊರಳಿದರೆ ಸೂಜಿ ಚುಚ್ಚಿದ ಹಾಗೆ ಎಚ್ಚರ. ನೋವು ಭುಜದಿಂದ ರಟ್ಟೆಯ ಹೊರಗಡೆ ಇಳಿದು ಮೊಣಕೈಯ ಹತ್ತಿರಕ್ಕೆ ಬರುತ್ತಿತ್ತು. ಎದ್ದು ಕೂತು ಬೆಳಗು ಮಾಡಿದ ರಾತ್ರಿಗಳು ಎಷ್ಟೋ.

ಆಮೇಲೆ ಒಂದೊಂದೇ ಕೆಲಸ ತಪ್ಪಿತು. ಮೊದಲು ಬೆನ್ನ ಹಿಂದೆ ಕೈ ಹಾಕಿ ಪಂಚೆಯ ಕಚ್ಚೆ ಸಿಗಿಸೋದು. ಆಮೇಲೆ ಅಂಗಿಯ ತೋಳು. ಬಸ್ಸಿನಲ್ಲಿ ಮೇಲಿನ ಕಂಬಿ ಹಿಡಿಯೋದು. ಎತ್ತಿನ ಹೆಗಲಿಗೆ ನೊಗ ಏರಿಸೋದು. ಒಂದು ದಿನ ದೊಡ್ಡ ಎತ್ತು ತಲೆ ಒಗೆದಾಗ ಕಣ್ಣಿ ಹಿಡಿದಿದ್ದ ಕೈ ಜಗ್ಗಿತು. ಅಲ್ಲೇ ಮಣ್ಣಲ್ಲಿ ಕೂತುಬಿಟ್ಟೆ. ಕಣ್ಣು ಕತ್ತಲೆ ಬಂತು. ಆ ನೋವು ಒಂದೆರಡು ನಿಮಿಷಕ್ಕೆ ಇಳಿಯುತ್ತೆ, ಆದರೆ ಆ ಎರಡು ನಿಮಿಷ ಮಾತಾಡೋಕಾಗಲ್ಲ. ಇದೂ ಈ ಕಾಯಿಲೆಯ ಗುರುತು ಅಂತ ಆಮೇಲೆ ತಿಳಿಯಿತು.

ಹೊರಗೆ ನೋಡಿದರೆ ಊತ ಇಲ್ಲ, ಗಾಯ ಇಲ್ಲ, ಕೆಂಪು ಇಲ್ಲ. ಉಂಡು ತಿಂದು ಚೆನ್ನಾಗಿದಾನೆ, ಕೆಲಸ ಕಳ್ಳ ಆಗವ್ನೆ ಅಂತ ಅರಳಿಕಟ್ಟೆಯಲ್ಲಿ ಒಬ್ಬಿಬ್ಬರು ಅಂದದ್ದು ನನ್ನ ಕಿವಿಗೂ ಬಿತ್ತು.

ನಾನು ಮಾಡಿದ ಮೂರು ತಪ್ಪು

ಮೊದಲನೆಯದು ಎಳೆಸಿದ್ದು. ಪಕ್ಕದ ಊರಿನಲ್ಲಿ ಮೂಳೆ ಕಟ್ಟುವವರೊಬ್ಬರಿದ್ದಾರೆ. ಮುರಿದ ಕೈ ಕಾಲು ಕಟ್ಟಿದ್ದನ್ನು ಕಂಡವನು ನಾನು, ಅವರ ಮೇಲೆ ನನಗೆ ಈಗಲೂ ಸಿಟ್ಟಿಲ್ಲ. ಅವರು ಎಣ್ಣೆ ಹಚ್ಚಿ, "ನರ ಸಿಗಾಕ್ಕಂಡೈತೆ ಯಜಮಾನ, ಉಸಿರು ಬಿಗಿ ಹಿಡಿ" ಅಂತ ಹೇಳಿ ಕೈಯನ್ನು ಒಂದೇ ಸಲಕ್ಕೆ ಮೇಲಕ್ಕೆ ಎಳೆದರು. ಲಟ್ ಅಂತು. ಆವತ್ತು ರಾತ್ರಿಯಿಂದ ಹದಿನೈದು ದಿನ ನೋವು ಎರಡರಷ್ಟಾಯಿತು. ಮೂರು ವಾರದ ಎಣ್ಣೆಗೆ 2,700 ರೂಪಾಯಿ.

ಎರಡನೆಯದು ಜೋಳಿಗೆ ಕಟ್ಟಿಕೊಂಡದ್ದು. ಎಳೆಸಿದ ನೋವು ತಾಳಲಾರದೆ ಔಷಧಿ ಅಂಗಡಿಯಲ್ಲಿ ಕೈ ತೂಗು ಹಾಕುವ ಪಟ್ಟಿ ತಂದು ಕುತ್ತಿಗೆಗೆ ಹಾಕಿಕೊಂಡೆ. ಒಂದು ತಿಂಗಳು ತೆಗೆಯಲಿಲ್ಲ. ನೋವೇನೋ ಕಡಿಮೆ ಅನ್ನಿಸಿತು. ಬಿಚ್ಚಿದಾಗ ನೋಡಿದರೆ ಕೈ ಪಕ್ಕೆಗೆ ಅಂಟಿದ ಹಾಗಾಗಿತ್ತು. ಮುರಿದ ಮೂಳೆಗೆ ಅಲ್ಲಾಡದೆ ಇರೋದು ಔಷಧಿ. ಈ ಕಾಯಿಲೆಗೆ ಅದೇ ವಿಷ.

ಮೂರನೆಯದು ನೋವಿನ ಗುಳಿಗೆ. ಯಾರನ್ನೂ ಕೇಳದೆ ಎರಡು ತಿಂಗಳು ದಿನಕ್ಕೆ ಎರಡರಂತೆ ನುಂಗಿದೆ. ಹೊಟ್ಟೆ ಉರಿ ಹಿಡಿಯಿತು. ಸಕ್ಕರೆ, ಬಿಪಿ ಇರುವವರಿಗೆ ಇಂಥ ಗುಳಿಗೆ ದಿನಾ ಹೋದರೆ ಕಿಡ್ನಿಗೂ ತೊಂದರೆ. ನನಗೆ ಸಕ್ಕರೆ ಇರುವುದೇ ಆಗ ಗೊತ್ತಿರಲಿಲ್ಲ.

ಎತ್ತು ಕೊಟ್ಟದ್ದು

2022ರ ಮುಂಗಾರು ಚೆನ್ನಾಗಿ ಬಂತು. ನಮ್ಮಲ್ಲಿ ಅಂಥ ಮಳೆ ಕಂಡು ಬಹಳ ವರ್ಷ ಆಗಿತ್ತು. ಬಿತ್ತನೆ ಹದ ಎರಡು ಮೂರು ದಿನ ಇರುತ್ತೆ, ಕಾಯೋ ಹಾಗಿಲ್ಲ. ನಾನು ಅಂಗಿ ಹಾಕಿಕೊಳ್ಳುವುದಕ್ಕೆ ಹೆಂಡತಿಯನ್ನು ಕೂಗುತ್ತಿದ್ದವನು. ಆದರೂ ಕೂರಿಗೆ ಇಳಿಸಿದೆ. ಅವಳು ಬಾಗಿಲಲ್ಲಿ ನಿಂತು, "ಅಂಗಿ ತೋಳು ಹಾಕ್ಕಳಾಕೆ ಆಗಲ್ಲ, ಇನ್ನೇನು ಕೂರಿಗೆ ಹಿಡೀತೀರಿ" ಅಂದಳು. ಕೂರಿಗೆಯನ್ನು ಅಲ್ಲೇ ಬಿಟ್ಟೆ. ಟ್ರ್ಯಾಕ್ಟರಿನವರಿಗೆ ಹೇಳಿ ಬಿತ್ತಿಸಿದ್ದಾಯಿತು. ಶೇಂಗಾ ಒಂದೇ ಬಿತ್ತಿ ಹೋದರು. ಅಕ್ಕಡಿ ಸಾಲು ತಪ್ಪಿತು. ಆ ವರ್ಷ ಮನೆಗೆ ತೊಗರಿ ಇಲ್ಲ, ಅಲಸಂದೆ ಇಲ್ಲ. ಬೇಳೆಯನ್ನು ಅಂಗಡಿಯಿಂದ ತಂದೆವು.

ನಮ್ಮೂರಲ್ಲಿ ಇನ್ನೂ ಮುಯ್ಯಾಳು ಪದ್ಧತಿ ಇದೆ. ನೀನು ನನ್ನ ಹೊಲಕ್ಕೆ ಒಂದು ದಿನ, ನಾನು ನಿನ್ನ ಹೊಲಕ್ಕೆ ಒಂದು ದಿನ. ಕಳೆ, ಎಡೆಕುಂಟೆ, ಶೇಂಗಾ ಕೀಳೋದು ಎಲ್ಲ ಸೇರಿ ಆ ವರ್ಷ ನನಗೆ ಹನ್ನೊಂದು ಆಳಿನ ಮುಯ್ಯಿ ಬಿತ್ತು. ತೀರಿಸೋಕೆ ಕೈ ಇಲ್ಲ. ದುಡ್ಡು ಕೊಡ್ತೀನಿ ಅಂದರೆ ಯಾರೂ ತಗೊಳ್ಳಲಿಲ್ಲ. ಸಾಲಗಾರರ ಮುಂದೆ ತಲೆ ತಗ್ಗಿಸಿ ಓಡಾಡಿದ್ದೇನೆ, ಈ ಮುಯ್ಯಿಗೆ ತಗ್ಗಿಸಿದಷ್ಟು ಅದಕ್ಕೂ ತಗ್ಗಿಸಿಲ್ಲ.

ಎತ್ತುಗಳು ಕೊಟ್ಟಿಗೆಯಲ್ಲಿ ನಿಂತು ತಿನ್ನುತ್ತಿದ್ದವು. ಮೇವು ನೀರು ಎಲ್ಲ ಹೆಂಡತಿಯ ಮೇಲೆ ಬಿತ್ತು. ಮಗ ಬೆಂಗಳೂರಿನಿಂದ ಫೋನು ಮಾಡಿ, "ಅಪ್ಪಾ ಎತ್ತು ಕೊಟ್ಬಿಡು. ಇನ್ನು ನಿನ್ ಕೈಲಿ ಆಗಲ್ಲ. ಅಮ್ಮನ್ನೂ ಯಾಕೆ ಸಾಯಿಸ್ತೀಯ" ಅಂದ. ಅವನು ಹೇಳಿದ್ದರಲ್ಲಿ ತಪ್ಪಿಲ್ಲ. ನನಗೂ ಇನ್ನು ಈ ಕೈ ಇಷ್ಟೇ ಅಂತ ಅನ್ನಿಸಿಬಿಟ್ಟಿತ್ತು. ಶ್ರಾವಣದಲ್ಲಿ ಜೋಡಿಯನ್ನು 72,000ಕ್ಕೆ ಕೊಟ್ಟೆ. ನನ್ನ ಕೈಲೇ ಹಲ್ಲು ಕೂಡಿಸಿದ ಎತ್ತುಗಳು ಅವು. ಹಗ್ಗ ಹಿಡಿದು ಕೊಡಬೇಕಲ್ಲ, ಎಡಗೈಯಲ್ಲಿ ಕೊಟ್ಟೆ.

ಅದಾದ ಇಪ್ಪತ್ತು ದಿನಕ್ಕೆ ಡಾಕ್ಟರ ಹತ್ತಿರ ಹೋದೆ. ಮಾರಿಕಣಿವೆ 1933ರ ನಂತರ ಮೊದಲ ಸಲ ಕೋಡಿ ಬಿದ್ದ ತಿಂಗಳು, 2022ರ ಸೆಪ್ಟೆಂಬರು. ಊರೆಲ್ಲ ಕೋಡಿ ನೋಡೋಕೆ ಹೋಯಿತು, ನಾನು ಮೂಳೆ ಡಾಕ್ಟರನ್ನು ನೋಡೋಕೆ ಹೋದೆ.

ಡಾಕ್ಟರು ನೋಡಿದ ಬಗೆ

ಅವರು ಮೊದಲು ನನ್ನ ಕೈಯನ್ನು ನಾನೇ ಎತ್ತಲು ಹೇಳಿದರು. ಭುಜದ ಮಟ್ಟಕ್ಕೆ ಬಂದು ನಿಂತಿತು. ಆಮೇಲೆ ಅವರೇ ಮೆಲ್ಲಗೆ ಎತ್ತಿದರು. ಅಲ್ಲಿಗೇ ನಿಂತಿತು. ಇದು ಮುಖ್ಯ. ಭುಜದ ಒಳಗಿನ ಹುರಿ ಹರಿದಿದ್ದರೆ ನಮ್ಮ ಶಕ್ತಿಯಿಂದ ಕೈ ಏಳುವುದಿಲ್ಲ, ಆದರೆ ಬೇರೆಯವರು ಎತ್ತಿದರೆ ಹೆಚ್ಚಾಗಿ ಮೇಲಕ್ಕೆ ಹೋಗುತ್ತೆ. ಈ ಕಾಯಿಲೆಯಲ್ಲಿ ಯಾರು ಎತ್ತಿದರೂ ಹೋಗಲ್ಲ.

ಆಮೇಲೆ ಮೊಣಕೈಯನ್ನು ಪಕ್ಕೆಗೆ ಒತ್ತಿಟ್ಟು, ಮುಂಗೈಯನ್ನು ಮುಂದಕ್ಕೆ ಚಾಚಿ, ಅದನ್ನು ಹೊರಗಡೆಗೆ ತಿರುಗಿಸಲು ಹೇಳಿದರು, ಬಾಗಿಲು ತೆರೆದ ಹಾಗೆ. ಎಡಗೈ ಸಲೀಸಾಗಿ ತಿರುಗಿತು. ಬಲಗೈ ಒಂದು ಬೆಟ್ಟಿನಷ್ಟೂ ಹೋಗಲಿಲ್ಲ. ಕೈ ಮೇಲೆತ್ತುವುದಕ್ಕಿಂತ ಮೊದಲು ತಪ್ಪುವುದು ಈ ತಿರುಗು ಅಂತೆ. ಮನೆಯಲ್ಲೇ ಕೂತು ನೋಡಿಕೊಳ್ಳಬಹುದು. ಹುಣಸೆ ಬಡಿದ ನೋವಿಗೂ ಇದಕ್ಕೂ ಇರುವ ವ್ಯತ್ಯಾಸ ಇಲ್ಲೇ ಸಿಗುತ್ತೆ.

ಎಕ್ಸ್‌ರೇ ತೆಗೆಸಿದರು, 350 ರೂಪಾಯಿ. ಮೂಳೆ ಚೆನ್ನಾಗಿತ್ತು. ಈ ಕಾಯಿಲೆಯಲ್ಲಿ ಎಕ್ಸ್‌ರೇ ಚೆನ್ನಾಗೇ ಇರುತ್ತದೆ. ಬೇರೆ ಏನೂ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳುವುದಕ್ಕೆ ಮಾತ್ರ ಅದು. ಹೆಸರು ಫ್ರೋಜನ್ ಶೋಲ್ಡರ್ ಅಂದರು. ಹೆಪ್ಪುಗಟ್ಟಿದ ಭುಜ. ಅಮೆರಿಕದ ಕಾಡ್ಮನ್ ಎಂಬ ಡಾಕ್ಟರು 1934ರಲ್ಲಿ ಈ ಹೆಸರು ಇಟ್ಟರಂತೆ. ಜಪಾನಿನವರು ಆಡುಮಾತಿನಲ್ಲಿ ಇದಕ್ಕೆ ಐವತ್ತರ ಭುಜ ಅಂತಲೇ ಅನ್ನುತ್ತಾರಂತೆ. ನಲವತ್ತರಿಂದ ಅರವತ್ತರೊಳಗಿನವರಿಗೆ ಹೆಚ್ಚು, ಅದರಲ್ಲೂ ಹೆಣ್ಣುಮಕ್ಕಳಿಗೆ ಹೆಚ್ಚು. ನಮ್ಮ ಕಡೆ ರಟ್ಟೆ ಹಿಡ್ಕಂಡೈತೆ ಅನ್ನುತ್ತೇವೆ, ಅದೂ ಸರಿಯಾಗೇ ಇದೆ.

ಒಳಗೆ ಆಗಿದ್ದೇನು

ಭುಜದ ಕೀಲು ಒಂದು ಗುಂಡು, ಒಂದು ತಟ್ಟೆ. ತಟ್ಟೆ ಆಳ ಇಲ್ಲ, ಅದಕ್ಕೇ ಕೈ ಎಲ್ಲಾ ದಿಕ್ಕಿಗೂ ತಿರುಗುತ್ತೆ. ಎರಡನ್ನೂ ಸುತ್ತಿ ಒಂದು ತೆಳು ಚೀಲ ಇದೆ. ಕೈ ಮೇಲೆತ್ತಲು ಅನುವಾಗುವಂತೆ ಆ ಚೀಲ ಕಂಕುಳ ಕಡೆ ಮಡಿಕೆ ಮಡಿಕೆಯಾಗಿ ಸಡಿಲ ಇರುತ್ತದೆ. ಈ ಕಾಯಿಲೆಯಲ್ಲಿ ಚೀಲಕ್ಕೆ ಉರಿಬಾವು ಬರುತ್ತದೆ, ಆಮೇಲೆ ದಪ್ಪವಾಗಿ ಬಿಗಿಯುತ್ತದೆ. ಮಡಿಕೆಗೆ ಜಾಗವೇ ಇರುವುದಿಲ್ಲ.

ನನಗೆ ಅರ್ಥ ಆದದ್ದು ತೊಗಲಿನ ಬಾರಿನಿಂದ. ಮಳೆಯಲ್ಲಿ ನೆನೆದ ಬಾರನ್ನು ಬಿಸಿಲಿಗೆ ಬಿಟ್ಟರೆ ಕುಗ್ಗಿ ಕಡ್ಡಿಯಾಗುತ್ತದೆ. ಅದನ್ನು ಜೋರಾಗಿ ಎಳೆದರೆ ಬಿರಿಯುತ್ತೆ. ಹಾಗೇ ಬಿಟ್ಟರೆ ಇನ್ನೂ ಕಡ್ಡಿ. ಬೆಚ್ಚಗೆ ಮಾಡಿ ದಿನಾ ಸ್ವಲ್ಪ ಸ್ವಲ್ಪ ಜಗ್ಗುತ್ತಾ ಬಂದರೆ ದಾರಿಗೆ ಬರುತ್ತೆ. ನಾನು ಮೊದಲು ಎಳೆಸಿದೆ, ಆಮೇಲೆ ಕಟ್ಟಿಹಾಕಿದೆ. ಎರಡೂ ತಪ್ಪನ್ನು ಒಬ್ಬನೇ ಮಾಡಿದೆ. ಇನ್ನೊಂದು, ಚೀಲ ಇರುವುದು ಚರ್ಮ, ಮಾಂಸ ಎಲ್ಲ ದಾಟಿ ಒಳಗೆ. ಮೇಲೆ ಹಚ್ಚಿದ ಎಣ್ಣೆ ಅಲ್ಲಿಗೆ ಹೋಗುವುದಿಲ್ಲ. ತಿಕ್ಕಿದ ಬಿಸಿಗೆ ಮಾಂಸಕ್ಕೆ ಹಿತ ಅನ್ನಿಸುತ್ತೆ ಅಷ್ಟೆ.

ಇದಕ್ಕೆ ಮೂರು ಹಂತ. ಮೊದಲು ನೋವಿನ ಹಂತ, ಎರಡರಿಂದ ಒಂಬತ್ತು ತಿಂಗಳು. ನೋವು ಹೆಚ್ಚುತ್ತಾ ಬಿಗಿತ ಬರುತ್ತದೆ. ಎರಡನೆಯದು ಬಿಗಿದ ಹಂತ, ನಾಲ್ಕರಿಂದ ಹನ್ನೆರಡು ತಿಂಗಳು. ನೋವು ಕಡಿಮೆ, ಕೈ ಮಾತ್ರ ಕೊರಡು. ಮೂರನೆಯದು ಸಡಿಲುವ ಹಂತ, ಆರು ತಿಂಗಳಿಂದ ಎರಡು ವರ್ಷದವರೆಗೂ ಹಿಡಿಯಬಹುದು. ಬೇರೆ ಬೆಳೆ ಬೇರೆ ಅವಧಿ ಅಂದ ಹಾಗೆ ಒಬ್ಬೊಬ್ಬರಿಗೆ ಒಂದೊಂದು ಲೆಕ್ಕ. "ಹೆಚ್ಚಿನವರಿಗೆ ಕೈ ವಾಪಸ್ ಬರುತ್ತೆ ಯಜಮಾನ್ರೇ, ಕೆಲವರಿಗೆ ಸ್ವಲ್ಪ ಬಿಗಿ ಉಳಿಯುತ್ತೆ. ನಿಮಗೆ ಇನ್ನೊಂದು ವರ್ಷ ಹಿಡಿಯಬಹುದು" ಅಂದರು ಡಾಕ್ಟರು. ಖುಷಿ ಆಗಬೇಕಾದ ಮಾತು. ನನಗೆ ಹೊಟ್ಟೆಯಲ್ಲಿ ಕಲಕಿದ ಹಾಗಾಯಿತು. ಎತ್ತು ಕೊಟ್ಟು ಇಪ್ಪತ್ತು ದಿನ ಆಗಿತ್ತಲ್ಲ.

ಭುಜ ನೋಡಲು ಹೋಗಿ ಸಕ್ಕರೆ ಸಿಕ್ಕಿತು

"ಸಕ್ಕರೆ ಕಾಯಿಲೆ ಇದೆಯಾ?" ಅಂತ ಕೇಳಿದರು. ಇಲ್ಲ ಅಂದೆ. ನೋಡಿಸಿದ್ದೀರಾ ಅಂದರು. ಅದಕ್ಕೆ ಉತ್ತರ ಇರಲಿಲ್ಲ. ನೋಡಿಸಿದಾಗ ಊಟದ ನಂತರದ್ದು 268. ಮೂರು ತಿಂಗಳ ಸರಾಸರಿ ತೋರಿಸುವ ಪರೀಕ್ಷೆಯಲ್ಲಿ 8.9, ಅದು ಆರೂವರೆಗೆ ಬಂದರೇ ಕಾಯಿಲೆ ಅಂತ ಲೆಕ್ಕ. ರಾತ್ರಿ ಎರಡು ಮೂರು ಸಲ ಮೂತ್ರಕ್ಕೆ ಏಳುತ್ತಿದ್ದೆ. ಭುಜದ ನೋವಿಗೆ ಹೇಗೂ ಎಚ್ಚರ ಇರುತ್ತಿದ್ದೆನಲ್ಲ, ಹಾಗಾಗಿ ಅದು ಗಮನಕ್ಕೇ ಬರಲಿಲ್ಲ.

ಸಕ್ಕರೆ ಕಾಯಿಲೆ ಇರುವವರಿಗೆ ಭುಜ ಹಿಡಿಯುವುದು ಬೇರೆಯವರಿಗಿಂತ ಬಹಳ ಹೆಚ್ಚು, ಬಿಡುವುದೂ ನಿಧಾನ. ಥೈರಾಯಿಡ್ ತೊಂದರೆ ಇರುವವರಿಗೂ ಹೆಚ್ಚು. ಆದ್ದರಿಂದ ಭುಜ ಹಿಡಿಯಿತು ಅಂದ ಕೂಡಲೇ ಸಕ್ಕರೆ ನೋಡಿಸಿ. ಮೂವತ್ತು ದಾಟಿದವರಿಗೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬಿಪಿ, ಸಕ್ಕರೆ ಪರೀಕ್ಷೆ ಪುಕ್ಕಟೆ. ನಾನು ಈಗ ಗುಳಿಗೆ ತಗೊಳ್ಳುವುದೂ ಅಲ್ಲೇ. ಒಂದು ರೀತಿಯಲ್ಲಿ ಭುಜ ನನ್ನನ್ನು ಉಳಿಸಿತು ಅಂತ ಹೆಂಡತಿ ಹೇಳುತ್ತಾಳೆ. ಕಣ್ಣಿಗೋ ಕಾಲಿಗೋ ಬಂದ ಮೇಲೆ ತಿಳಿದಿದ್ದರೆ ಏನು ಮಾಡಬೇಕಿತ್ತು!

ಕೀಲಿನೊಳಗೆ ಒಂದು ಇಂಜೆಕ್ಷನ್ ಕೊಟ್ಟರು. ಫೀಸು ಸೇರಿ 1,500 ರೂಪಾಯಿ. ಸ್ಟೀರಾಯಿಡ್ ಅಂತಾರೆ, ಹೆಸರು ಕೇಳಿ ನಾನು ಹೆದರಿದ್ದೆ. ಹತ್ತು ದಿನದಲ್ಲಿ ರಾತ್ರಿ ನೋವು ಅರ್ಧಕ್ಕಿಂತ ಇಳಿಯಿತು. ಏಳು ತಿಂಗಳ ನಂತರ ನಿದ್ದೆ ಅನ್ನುವುದನ್ನು ಕಂಡೆ. ಇದು ಬಿಗಿತ ಬಿಡಿಸುವ ಮದ್ದಲ್ಲ, ನೋವು ಇಳಿಸಿ ಕೈ ಆಡಿಸಲು ಅನುವು ಮಾಡಿಕೊಡುತ್ತದೆ. ನೋವಿನ ಹಂತದಲ್ಲಿ, ಮೊದಲ ತಿಂಗಳುಗಳಲ್ಲೇ ಕೊಟ್ಟರೆ ಇನ್ನೂ ಗುಣವಂತೆ. ಸಕ್ಕರೆ ಇದ್ದವರು ಗಮನಿಸಬೇಕಾದ್ದು, ಇಂಜೆಕ್ಷನ್ ಆದ ಮೇಲೆ ಕೆಲವು ದಿನ ಸಕ್ಕರೆ ಏರುತ್ತದೆ. ನನಗೆ 340ಕ್ಕೆ ಹೋಗಿ ವಾರದಲ್ಲಿ ಇಳಿಯಿತು. ಮೊದಲೇ ಹೇಳಿದ್ದರಿಂದ ಗಾಬರಿಯಾಗಲಿಲ್ಲ.

ವರ್ಷ ಕಳೆದರೂ ಸಡಿಲವಾಗದವರಿಗೆ ಮತ್ತು ಬರಿಸಿ ಕೈ ತಿರುಗಿಸುವುದು, ಸಣ್ಣ ತೂತು ಮಾಡಿ ಒಳಗಿನ ಚೀಲ ಬಿಡಿಸುವುದು, ಇವೂ ಇವೆ. ನನಗೆ ಬೇಕಾಗಲಿಲ್ಲ.

ಮನೆಯ ಸಾಮಾನಿನಲ್ಲೇ ಕಸರತ್ತು

ಕೈ ಆಡಿಸುವ ಬಗೆಯನ್ನು ತಾಲ್ಲೂಕು ಕೇಂದ್ರದಲ್ಲಿ ಫಿಜಿಯೋಥೆರಪಿಯ ಹುಡುಗಿ ಕಲಿಸಿಕೊಟ್ಟಳು. ಸಲಕ್ಕೆ 250ರಂತೆ ಆರು ಸಲ ಹೋದೆ. ಜಿಲ್ಲಾಸ್ಪತ್ರೆಯಲ್ಲೂ ಇದು ಸಿಗುತ್ತದೆ, ನಮಗೆ ಹೋಗಿ ಬರುವ ಬಸ್ ಚಾರ್ಜು, ಒಂದು ದಿನದ ಕೂಲಿ ಸೇರಿಸಿದರೆ ಇದೇ ಅಗ್ಗವಾಯಿತು. ಅವಳ ಹತ್ತಿರ ಬಣ್ಣಬಣ್ಣದ ರಬ್ಬರು ಪಟ್ಟಿ, ಕಬ್ಬಿಣದ ಚಕ್ರ ಎಲ್ಲ ಇತ್ತು. "ಇವೆಲ್ಲ ನಿಮ್ಮ ಮನೇಲಿ ಬೇರೆ ರೂಪದಲ್ಲಿ ಇರುತ್ವೆ, ಹುಡುಕಿ" ಅಂದಳು. ಹುಡುಕಿದೆ.

ಮೊದಲು ಬಿಸಿ. ಬಿಸಿನೀರಲ್ಲಿ ಟವೆಲ್ ಅದ್ದಿ ಹಿಂಡಿ ಹತ್ತು ನಿಮಿಷ ಭುಜದ ಮೇಲೆ. ಮರಳು ಹುರಿದು ಗಂಟು ಕಟ್ಟಿಯೂ ಇಡಬಹುದು, ಆದರೆ ಸಕ್ಕರೆ ಇದ್ದವರಿಗೆ ಸುಟ್ಟದ್ದು ಬೇಗ ತಿಳಿಯದೆ ಇರಬಹುದು. ಹೆಂಡತಿ ಮೊದಲು ತನ್ನ ಕೆನ್ನೆಗೆ ಇಟ್ಟು ನೋಡಿ ಆಮೇಲೆ ಕೊಡುತ್ತಿದ್ದಳು.

ಆಮೇಲೆ ತೂಗಾಟ. ಎಡಗೈಯನ್ನು ಜಗಲಿಯ ಮೇಲೆ ಊರಿ, ಮುಂದಕ್ಕೆ ಬಾಗಿ, ಬಲಗೈಯನ್ನು ಸತ್ತ ಹಾವಿನ ಹಾಗೆ ಇಳಿಬಿಟ್ಟು ಮೆಲ್ಲಗೆ ಹಿಂದೆ ಮುಂದೆ, ಆಮೇಲೆ ಸುತ್ತಲೂ. ಕೈಯಿಂದ ಆಡಿಸಬಾರದು, ಮೈ ಆಡಿದ್ದಕ್ಕೆ ಕೈ ಆಡಬೇಕು. ನೋವು ಜೋರಾಗಿರುವ ಹಂತದಲ್ಲಿ ಇದೊಂದೇ ಸಾಕಂತೆ.

ಅಟ್ಟದ ಮೇಲೆ ಹಳೇ ಸೇದೋ ಬಾವಿಯ ರಾಟೆ ಬಿದ್ದಿತ್ತು. ಬಾವಿ ಬತ್ತಿ ಎಷ್ಟೋ ವರ್ಷ. ಅದನ್ನು ತೊಲೆಗೆ ಕಟ್ಟಿ ಹಗ್ಗ ಏರಿಸಿ, ಎರಡು ತುದಿಗೂ ಗಂಟು ಹಾಕಿ, ಕೆಳಗೆ ಮಣೆ ಹಾಕಿಕೊಂಡು ಕೂರುತ್ತಿದ್ದೆ. ಎಡಗೈ ಕೆಳಕ್ಕೆ ಎಳೆದರೆ ಬಲಗೈ ಮೇಲಕ್ಕೆ ಹೋಗುತ್ತದೆ. ಎಲ್ಲಿ ನೋವು ಶುರುವೋ ಅಲ್ಲಿ ನಿಲ್ಲಿಸಿ ಹತ್ತು ಎಣಿಸಿ ಇಳಿಸೋದು. ಎಳೆಯುವವನೂ ನಾನೇ, ನೋಯುವವನೂ ನಾನೇ ಆದ್ದರಿಂದ ಮೂಳೆ ಕಟ್ಟುವವರ ಕೈಯಲ್ಲಿ ಆದ ಭಯ ಇಲ್ಲಿರಲಿಲ್ಲ. ನನಗೆ ಬಹಳ ಉಪಯೋಗ ಆದದ್ದು ಇದು.

ಹೊರಕ್ಕೆ ತಿರುಗಿಸುವುದಕ್ಕೆ ಬಾರುಕೋಲು. ಎತ್ತು ಹೋದ ಮೇಲೆ ಅದು ಮೂಲೆಯಲ್ಲಿ ನಿಂತಿತ್ತು. ಚಾಪೆಯ ಮೇಲೆ ಅಂಗಾತ ಮಲಗಿ, ಎರಡು ಮೊಣಕೈಯನ್ನೂ ಪಕ್ಕೆಗೆ ಒತ್ತಿ, ಎರಡು ಕೈಯಲ್ಲೂ ಕೋಲು ಹಿಡಿದು, ಎಡಗೈಯಿಂದ ಬಲಗೈಯನ್ನು ಹೊರಕ್ಕೆ ದೂಡೋದು. ಬೆನ್ನ ಹಿಂದಿನ ಕೈಗೆ ಟವೆಲ್. ಎಡಗೈ ಭುಜದ ಮೇಲಿಂದ ಟವೆಲ್ಲಿನ ಒಂದು ತುದಿ ಹಿಡಿದು, ಕೆಳಗಿನ ತುದಿ ಹಿಡಿದ ಬಲಗೈಯನ್ನು ಮೇಲಕ್ಕೆ ಎಳೆಯೋದು, ಬೆನ್ನು ಉಜ್ಜಿದ ಹಾಗೆ. ಇದು ಕಡೆಗೆ ಬಂದದ್ದು, ಮೊದಲ ಮೂರು ತಿಂಗಳು ಇದನ್ನು ನಾನು ಮುಟ್ಟಲಿಲ್ಲ.

ದಿನಕ್ಕೆ ಮೂರು ಸಲ, ಸಲಕ್ಕೆ ಹದಿನೈದು ನಿಮಿಷ. ಎಷ್ಟು ಜಗ್ಗಬೇಕು ಅನ್ನುವುದಕ್ಕೆ ಆ ಹುಡುಗಿ ಕೊಟ್ಟ ಲೆಕ್ಕ ಚೆನ್ನಾಗಿತ್ತು. ಮಾಡುವಾಗ ನೋಯಲಿ, ಸ್ವಲ್ಪ ಹೊತ್ತಿಗೆ ಇಳಿಯಬೇಕು. ಮಾಡಿದ ನೋವು ರಾತ್ರಿಗೂ ಉಳಿದರೆ ಮಾರನೇ ದಿನ ಅರ್ಧ ಮಾಡಿ, ಆದರೆ ಬಿಡಬೇಡಿ. ಮಲಗುವಾಗ ಕಂಬಳಿ ಮಡಿಸಿ ರಟ್ಟೆಯ ಕೆಳಗೆ ಇಟ್ಟುಕೊಳ್ಳೋದು, ಭುಜ ಹಿಂದಕ್ಕೆ ಜೋಲದ ಹಾಗೆ. ಇದೊಂದು ಉಪಾಯ ಮೊದಲೇ ಗೊತ್ತಿದ್ದರೆ ಏಳು ತಿಂಗಳಲ್ಲಿ ಎಷ್ಟು ನಿದ್ದೆ ಸಿಗುತ್ತಿತ್ತೋ.

ಗೋಡೆಯ ಮೇಲಿನ ಗೆರೆ

ಗೋಡೆಗೆ ಮುಖ ಮಾಡಿ ನಿಂತು ಬೆರಳುಗಳನ್ನು ಜೇಡದ ಹಾಗೆ ಮೇಲಕ್ಕೆ ನಡೆಸೋದು ಇನ್ನೊಂದು. ಎಲ್ಲಿಗೆ ಮುಟ್ಟಿತೋ ಅಲ್ಲಿ ಇದ್ದಿಲಲ್ಲಿ ಗೆರೆ ಎಳೆದು ತಾರೀಕು ಬರೆದೆ. ನನ್ನ ಎಡಗೈ ಮುಟ್ಟುವುದು ನೆಲದಿಂದ 6 ಅಡಿ 9 ಇಂಚು. ಬಲಗೈ 2022ರ ಸೆಪ್ಟೆಂಬರಿನಲ್ಲಿ 4 ಅಡಿ 5 ಇಂಚು. ಡಿಸೆಂಬರಿಗೆ 4 ಅಡಿ 9. ಮುಂದಿನ ಫೆಬ್ರವರಿಗೆ 4 ಅಡಿ 10. ಎರಡು ತಿಂಗಳಿಗೆ ಒಂದು ಇಂಚು! ಆಗ ಬಿಟ್ಟುಬಿಡೋಣ ಅನ್ನಿಸಿತ್ತು. ರಾಟೆಯನ್ನು ಬಿಚ್ಚಿ ಒಂದು ವಾರ ಮೂಲೆಗೆ ಹಾಕಿದ್ದೆ ಕೂಡ. ಹೆಂಡತಿ ಏನೂ ಹೇಳದೆ ಅದನ್ನು ಮತ್ತೆ ತೊಲೆಗೆ ಕಟ್ಟಿದ್ದಳು. ಅವಳೇ ಕಟ್ಟಿದ ಮೇಲೆ ಕೂರದೆ ಇರೋಕಾಗುತ್ತಾ.

2023ರ ಏಪ್ರಿಲಿಗೆ 5 ಅಡಿ 3. ಜೂನಿಗೆ 5 ಅಡಿ 10. ಆಗಸ್ಟಿಗೆ 6 ಅಡಿ 3. ಅಕ್ಟೋಬರಿಗೆ 6 ಅಡಿ 6. ಸಡಿಲ ಆಗಲು ಶುರುವಾದ ಮೇಲೆ ಬೇಗ ಬೇಗ ಬಂತು. ನಾನು ಮಾಡಿದ ಕಸರತ್ತಿನಿಂದ ಬಂತೋ, ಅದರ ಕಾಲಕ್ಕೆ ಅದೇ ಬಂತೋ, ಎರಡೂ ಇರಬೇಕು ಅಂತಾರೆ ಡಾಕ್ಟರು. ನನ್ನ ಲೆಕ್ಕಕ್ಕೆ, ಕೈ ಆಡಿಸದೆ ಕಟ್ಟಿಹಾಕಿದ್ದಾಗ ಏನಾಯಿತು ಅಂತ ನಾನೇ ಕಂಡಿದ್ದೇನಲ್ಲ.

2023 ಬರದ ವರ್ಷ. ಹೊಲದಲ್ಲಿ ಕೆಲಸವೇ ಇಲ್ಲ. ಮಳೆ ಬಂದ ವರ್ಷ ಕೈ ಇರಲಿಲ್ಲ, ಕೈ ಬಂದ ವರ್ಷ ಮಳೆ ಇಲ್ಲ ಅಂತ ಹೆಂಡತಿ ನಕ್ಕಳು. ಹನ್ನೊಂದು ಆಳಿನ ಮುಯ್ಯಿ ತೀರಿದ್ದು 2024ರ ಮುಂಗಾರಿನಲ್ಲಿ. ಯಾರ್ಯಾರಿಗೆ ಎಷ್ಟು ಅಂತ ಅದೇ ಗೋಡೆಯ ಪಕ್ಕ ಬರೆದಿಟ್ಟಿದ್ದೆ. ಒಂದೊಂದೇ ಅಳಿಸಿದೆ.

ಇದರ ನಡುವೆ ಹೊಲದ ಕೆಲಸ

ಬಿಗಿದ ಹಂತದಲ್ಲಿ ಕೈ ಪೂರ್ತಿ ಸುಮ್ಮನೆ ಇಡಬೇಕಿಲ್ಲ. ಸೊಂಟದ ಮಟ್ಟಕ್ಕಿಂತ ಕೆಳಗಿನ ಕೆಲಸ ಆಗುತ್ತೆ. ಹಸು ಕರೆಯೋದು, ಕೂತು ಶೇಂಗಾ ಬಿಡಿಸೋದು, ಕಳೆ ಕೀಳೋದು ಮಾಡಿದೆ. ಆಗದ್ದು ತಲೆ ಹೊರೆ, ಬಣವೆಗೆ ಹುಲ್ಲು ಎಸೆಯೋದು, ಬೆನ್ನಿನ ಪಂಪು. ಪಂಪಿನ ಪಟ್ಟಿ ಭುಜವನ್ನು ಒತ್ತುತ್ತೆ, ಹಿಡಿ ಆಡಿಸೋದೂ ಅದೇ ಕೈ. ಎತ್ತು, ಆಕಳು ಹಿಡಿಯುವಾಗ ಹಗ್ಗವನ್ನು ನೋವಿಲ್ಲದ ಕೈಗೆ ಬದಲಿಸಿಕೊಳ್ಳಿ. ಒಂದು ಜಗ್ಗು ಸಾಕು, ಹದಿನೈದು ದಿನ ಹಿಂದಕ್ಕೆ ಹೋಗುತ್ತೆ. 2022ರಲ್ಲಿ ಮಳೆ ಹೆಚ್ಚಾಗಿ ಶೇಂಗಾ ಬುಡದಲ್ಲೇ ಮೊಳಕೆ ಒಡೆಯುತ್ತಿತ್ತು. ಬೇಗ ಕಿತ್ತು ಬಣವೆ ಹಾಕಬೇಕಾದ ಹೊತ್ತಲ್ಲಿ ನಾನು ಬದುವಿನ ಮೇಲೆ ಕೂತಿದ್ದೆ. ಅರ್ಧ ಬೆಳೆ ಹೋಯಿತು.

ಎಲ್ಲಾ ಭುಜದ ನೋವೂ ಇದೇ ಅಂದುಕೊಳ್ಳಬೇಡಿ. ಬಿದ್ದ ಮೇಲೆ ಇದ್ದಕ್ಕಿದ್ದಂತೆ ಕೈ ಏಳದೆ ಹೋದರೆ ಹುರಿ ಹರಿದಿರಬಹುದು, ತಡ ಮಾಡಬಾರದು. ಭುಜದ ಜೊತೆ ಎದೆ ಹಿಂಡಿದ ಹಾಗಾಗಿ ಬೆವರು ಬಂದರೆ, ಉಸಿರು ಕಟ್ಟಿದರೆ ಅದು ಎದೆಯ ನೋವು, ಟವೆಲ್ ಬಿಸಿ ಮಾಡುತ್ತಾ ಕೂರದೆ ಕೂಡಲೇ ಆಸ್ಪತ್ರೆಗೆ ಓಡಬೇಕು. ಜ್ವರ, ಊತ, ಕೆಂಪು ಇದ್ದರೂ ಬೇರೆ ಕಾಯಿಲೆಯೇ.

ಈಗ

ಗೋಡೆಯಲ್ಲಿ 6 ಅಡಿ 7 ಇಂಚಿಗೆ ನಿಂತಿದೆ. ಎರಡು ಇಂಚು ಬರಲಿಲ್ಲ, ಬರುವುದೂ ಇಲ್ಲ ಅನ್ನಿಸುತ್ತೆ. ಬೆನ್ನ ಹಿಂದೆ ಉಡಿದಾರದ ಗಂಟಿಗೆ ಕೈ ಹೋಗುತ್ತದೆ, ಅದಕ್ಕಿಂತ ಮೇಲಕ್ಕೆ ಇಲ್ಲ. ಕೆಲಸಕ್ಕೆ ಇಷ್ಟು ಸಾಕು. ಹುಣಸೆ ಬಡಿಯುತ್ತೇನೆ, ನೊಗ ಏರಿಸಬಲ್ಲೆ. ಏರಿಸಲು ನನ್ನ ಎತ್ತಿಲ್ಲ. ಅಂಥ ಜೋಡಿಗೆ ಈಗ ಒಂದು ಲಕ್ಷ ಹತ್ತು ಸಾವಿರ ಹೇಳುತ್ತಾರೆ. ಅಕ್ಕಡಿ ಬಿತ್ತನೆಗೆ ತಮ್ಮನ ಎತ್ತು ಕೇಳಿಕೊಂಡು, ಅವನದ್ದು ಮುಗಿದ ಮೇಲೆ ಬಿತ್ತುತ್ತಿದ್ದೇನೆ. ಹದ ಒಂದು ದಿನ ಹಿಂದೆ ಬೀಳುತ್ತದೆ.

ಒಂದು ಸಲ ಬಂದ ಭುಜಕ್ಕೆ ಮತ್ತೆ ಬರುವುದು ಅಪರೂಪ, ಆದರೆ ಇನ್ನೊಂದು ಭುಜಕ್ಕೆ ಬರಬಹುದು ಅಂತ ಡಾಕ್ಟರು ಹೇಳಿದ್ದರು. ಹೋದ ತಿಂಗಳಿಂದ ಎಡಭುಜದಲ್ಲಿ ರಾತ್ರಿ ಸಣ್ಣ ನೋವು. ಈ ಸಲ ಹುಣಸೆ ಬಡಿದದ್ದಕ್ಕೆ ಅಂತ ಹೇಳಿಕೊಳ್ಳಲಿಲ್ಲ. ಹತ್ತೇ ದಿನಕ್ಕೆ ಹೋಗಿ ತೋರಿಸಿದೆ. ಮೂರು ತಿಂಗಳ ಸಕ್ಕರೆ 7.1 ಇದೆ. ರಾಟೆ ತೊಲೆಯಲ್ಲೇ ಇದೆ. ಎಡಗೈಯ ಗೆರೆಯ ಪಕ್ಕ ಹೊಸ ತಾರೀಕು ಬರೆದಿದ್ದೇನೆ, 6 ಅಡಿ 7.

ನನ್ನ ವಿಷಯ ತಿಳಿದು ನಮ್ಮೂರಿನ ಮೂವರು ಹೆಣ್ಣುಮಕ್ಕಳು ರಾಟೆ ನೋಡಿಕೊಂಡು ಹೋಗಿದ್ದಾರೆ. ಜಡೆ ಹಾಕಿಕೊಳ್ಳಲು, ರವಿಕೆ ತೊಡಲು ಕೈ ಬರುತ್ತಿಲ್ಲ ಅಂತ ಅವರು ನನ್ನ ಹೆಂಡತಿಯ ಹತ್ತಿರ ಹೇಳಿದ್ದು. ಅವರಲ್ಲಿ ಒಬ್ಬರು ವರ್ಷದಿಂದ ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲವಂತೆ. ಹೆಣ್ಣುಮಕ್ಕಳು ಈ ಭುಜ ಇಟ್ಟುಕೊಂಡು ಮುದ್ದೆ ತಿರುವೋದು, ನೀರು ಹೊರೋದು, ಸಸಿ ಕೀಳೋದು ಹೇಗೆ ನಿಭಾಯಿಸಿದರು ಅನ್ನುವುದು ನನಗೆ ಬರೆಯಲು ಬರುವುದಿಲ್ಲ. ಅನುಭವ ಇದ್ದವರು ಪತ್ರಿಕೆಗೆ ಬರೆಯಿರಿ. ಒಂದೇ ಕೈಯಲ್ಲಿ ನೊಗ ಹೂಡುವ ಉಪಾಯ ಯಾರಿಗಾದರೂ ಗೊತ್ತಿದ್ದರೆ ಅದನ್ನೂ ಬರೆಯಿರಿ. ನನಗೆ ಅಂದು ಅದು ಸಿಕ್ಕಿರಲಿಲ್ಲ.